ಹುಳದ ಮನೆಯಲ್ಲಿ ಕೊರೆದ ಹಾಡು

ಎರಡನೆಯ ತಟ್ಟೆಯೂ ಕೆಟ್ಟಿತು. ಧ್ವನಿಮುದ್ರಣ ಯಂತ್ರದ ಮುಳ್ಳು ಗ್ರಾಮಫೋನಿನ ಕರಿಯ ತಟ್ಟೆಯ ಮೇಲೆ ಹಾಡನ್ನು ಕೊರೆಯುವಾಗ ಕೂದಲಿಗಿಂತ ಸಣ್ಣ ಎಳೆಯೊಂದು ಏಳುತ್ತಿತ್ತು. ಅದು ಪಕ್ಕಕ್ಕೆ ಸರಿಯದೆ ತಟ್ಟೆಗೇ ಅಂಟಿ, ಮುಳ್ಳಿಗೆ ಸುತ್ತಿಕೊಂಡು, ಗೆರೆಗಳನ್ನೆಲ್ಲ ಗೀಚಿಹಾಕಿತ್ತು. ಹಳ್ಳಿಯ ಹಾಡುಗಳನ್ನು ಹುಡುಕಿಕೊಂಡು ದೊಡ್ಡಮಳೂರಿಗೆ ಬಂದಿದ್ದ ಕಾಲೇಜು ಮೇಷ್ಟ್ರು ಬಸವಯ್ಯ ಬ್ರಷ್ಷು ಹಿಡಿದು ಕೂತೇ ಇದ್ದರು. ಉಳಿದಿದ್ದು ಒಂದೇ ತಟ್ಟೆ.

"ಪುಷ್ಯದ ಒಣ ಚಳಿ ಕಣಮ್ಮ. ತಟ್ಟೆ ಗಡುಸಾಗುತ್ತೆ, ಎಳೆ ಎಗರಾಡುತ್ತೆ. ಗಾಳಿ ಬೆಚ್ಚಗಿರಬೇಕು, ತೇವವಾಗಿರಬೇಕು. ಶಿವರಾತ್ರಿ ಕಳೆದ ಮೇಲೆ ಬರ್ತೀನಿ."

ಹನುಮಂತಮ್ಮ ಗೋಡೆಗೊರಗಿದ್ದ ಅತ್ತೆಯ ಕಡೆ ನೋಡಿದಳು. ದೊಡ್ಡಲಕ್ಷ್ಮಮ್ಮನ ಗಂಟಲಲ್ಲಿ ಗಂಟಿತ್ತು. ಸೋಮವಾರ ಬೆಂಗಳೂರಿನ ಆಸ್ಪತ್ರೆಯಲ್ಲಿ ಕೊಯ್ದು ತೆಗೆಯುತ್ತಾರೆ. ಆಮೇಲೆ ದನಿ ಉಳಿಯುವ ಭರವಸೆ ಕೊಡಲಾರೆ ಎಂದಿದ್ದರು ಡಾಕ್ಟರು. ಮದುವೆಯಾಗಿ ಬಂದ ಮೊದಲ ವರ್ಷ, ತವರು ನೆನೆದು ಅಳುತ್ತಿದ್ದ ಸೊಸೆಯನ್ನು ಏನೂ ಕೇಳದೆ, ಬೈಯದೆ, ಪಕ್ಕದಲ್ಲಿ ಕೂತು ರಾಗಿ ಬೀಸುತ್ತ ಹಾಡಿದ್ದ ದನಿ ಅದು.

"ಸ್ವಾಮಿ, ಈ ಚಳೀಲಿ ಕಂಬ್ಳಿ ಎಳುದ್ರೆ ಚಟಚಟ ಅಂದು ಕೂದ್ಲು ಎದ್ದು ನಿಂತ್ಕತವೆ. ಅಂಗೇನಾ ಇದೂ?"

"ಹಂಗೇ ಕಣಮ್ಮ!"

"ನಮ್ಮ ರೇಷ್ಮೆ ಹುಳದ ಮನೆ ಬೆಚ್ಚಗೆ, ತ್ಯಾವವಾಗಿರ್ತದೆ, ಅಲ್ಲಿ ಕಂಬ್ಳಿ ಚಟ ಅನ್ನಕಿಲ್ಲ. ನಡೀರಿ ಅಲ್ಲಿಗೆ."

ಅತ್ತೆ ನೆಟ್ಟಗೆ ಕೂತಳು. "ಹುಚ್ಚು ಹಿಡೀತೇನಮ್ಮಿ? ಎಳೇ ಹುಳ, ಪೊರೆ ಬುಡೋ ಒಂದನೇ ಜ್ವರಾನೂ ದಾಟಿಲ್ಲ. ನನ್ನ ಹಾಡ್ಗೋಸ್ಕರ ಸಾಯ್ಸೀಯಾ?"

"ಹುಳ ಮುಂದ್ಲ ತಿಂಗ್ಳೂ ಬತ್ತವೆ, ಅತ್ತೆ."

ಮುದುಕಿ ಗೋಡೆ ಹಿಡಿದು ಎದ್ದಳು.

ಹೊರಗಿನವರ ನೆರಳೂ ಬೀಳದ ಕೋಣೆ ಅದು. ಹುಳಕ್ಕೆ ವಾಸನೆ ಆಗದೆಂದು ಬಾಗಿಲಲ್ಲಿ ಹನುಮಂತಮ್ಮ ಮೇಷ್ಟ್ರ ಸಿಗರೇಟು ಪೊಟ್ಟಣವನ್ನು ಹೊರಜಗುಲಿಗೆ ಕಳಿಸಿ, ಮೂರು ಸಲ ಕೈಕಾಲು ತೊಳೆಸಿದಳು. "ಆಪರೇಷನ್ ಮಾಡೋ ಡಾಕ್ಟರೂ ಇಷ್ಟು ತೊಳೆಯಲ್ಲ," ಎಂದು ಮೇಷ್ಟ್ರು ಗೊಣಗಿದರು.

"ಡಾಕ್ಟ್ರಿಗೆ ಒಬ್ಬ ರೋಗಿ. ನಮ್ಗೆ ನಲ್ವತ್ತು ಸಾವ್ರ ಕೂಸು ಕಣಪ್ಪ," ಎಂದಳು ದೊಡ್ಡಲಕ್ಷ್ಮಮ್ಮ.

ಯಂತ್ರದೊಡನೆ ಒಳಗೆ ಕಾಲಿಟ್ಟ ಮೇಷ್ಟ್ರು ಮೂಲೆಯ ಕೆಂಡದ ಒಲೆ ನೋಡಿ ಬೆಚ್ಚಿಬಿದ್ದರು. ಮುಳ್ಳು ಕೊರೆದ ಎಳೆಗೆ ಒಂದು ಕಿಡಿ ತಾಕಿದರೂ ಸೀಮೆಎಣ್ಣೆಯಂತೆ ಹೊತ್ತಿಕೊಳ್ಳುತ್ತದೆಯಂತೆ. ಒಲೆ ಹೊರಗೆ ಹೋಯಿತು. ಹುಳುವಿನ ಬಿದಿರು ತಟ್ಟೆಗಳಿದ್ದ ಅಟ್ಟಣೆಗೆ ನೇತುಹಾಕಿದ್ದ ಉಷ್ಣಮಾಪಕದ ಪಾದರಸ ಎಂಬತ್ತು ಡಿಗ್ರಿ ಫ್ಯಾರನ್‌ಹೀಟಿನಿಂದ ಮೆಲ್ಲಗೆ ಇಳಿಯತೊಡಗಿತು. ಹನುಮಂತಮ್ಮನ ಎದೆಯೂ ಅದರ ಜೊತೆಗೇ ಇಳಿಯಿತು. ಹಾಡೂ ಹೋಗಿ ಹುಳವೂ ಹೋದರೆ?

ಪಕ್ಕದ ಮನೆಯ ಮುನವ್ವರಾ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಗೂಡು ಬೇಯಿಸಿ ನೂಲು ತೆಗೆಯುವ ಮನೆ ಅವಳದು, ಒಲೆ ಆರುತ್ತಿರಲಿಲ್ಲ. ಹಬೆಯಾಡುವ ಹಂಡೆಯನ್ನು ಮಗಳೊಡನೆ ಹೊತ್ತು ತಂದು ಹೊಸಿಲಲ್ಲಿಟ್ಟಳು.

"ಗೂಡಿನ್ ನೀರಲ್ಲ ಕಣಕ್ಕ, ವಾಸ್ನೆ ಬರಕಿಲ್ಲ. ಬಾವಿ ನೀರು ಬೇರೆ ಕಾಯ್ಸಿವ್ನಿ. ಚರಕಾನೂ ನಿಲ್ಸಿವ್ನಿ, ಅಮ್ಮ ಹಾಡೋವಾಗ ಗಲಾಟೆ ಬ್ಯಾಡ ಅಂತ."

ಅವಳ ಹಿಂದೆಯೇ ಬೀದಿಯ ಬಚ್ಚಲೊಲೆಗಳ ಬಿಸಿನೀರೆಲ್ಲ ಹೊರಟು ಬಂತು. ಸ್ನಾನಕ್ಕಿಟ್ಟಿದ್ದ ನೀರು, ಮುದ್ದೆಗಿಟ್ಟಿದ್ದ ಎಸರು, ಬಾಣಂತಿಯ ಪಾಲಿನ ಒಂದು ಕೊಡ. "ಮಗು ಒಸಿ ತಡವಾಗಿ ಮೀಯ್ಲಿ ಬುಡಿ," ಎಂದು ಬಾಣಂತಿಯೇ ಹೇಳಿಕಳಿಸಿದ್ದಳು. ಹನ್ನೊಂದು ಪಾತ್ರೆಗಳು ಗೋಡೆಯುದ್ದಕ್ಕೂ ಸಾಲಾಗಿ ಕೂತು ಹಬೆಯಾಡಿದವು. ಪಾದರಸ ನಿಂತಿತು, ಮತ್ತೆ ಏರಿತು. ಮೇಷ್ಟ್ರ ಕನ್ನಡಕ ಮಂಜಾಯಿತು.

ದೊಡ್ಡಲಕ್ಷ್ಮಮ್ಮ ಹಬೆಯನ್ನು ಉದ್ದಕ್ಕೆ ಎಳೆದುಕೊಂಡಳು. "ಗಂಟ್ಲು ಬಿಟ್ಕತು ಕಣಮ್ಮಿ," ಎಂದವಳೇ ಮೈಕಿನ ಮುಂದೆ ಬೀಸುವ ಕಲ್ಲಿಗೆ ಕೂತ ಹಾಗೆ ಒಂದು ಮಂಡಿ ಮಡಿಸಿ ಕೂತಳು. ಮುಳ್ಳು ಇಳಿಯಿತು.

ಎಳೆ ಎದ್ದಿತು, ಆದರೆ ಎಗರಲಿಲ್ಲ. ಮೆತ್ತಗೆ ಬಾಗಿ ನಡುವಿಗೆ ಸರಿದು ಸುರುಳಿಯಾಗತೊಡಗಿತು. ಹಾಡು ಹರಿಯಿತು. ಎರಡನೆಯ ನುಡಿಯ ಕೊನೆಗೆ ಮುದುಕಿಯ ಕತ್ತಿನ ನರ ಬಿಗಿಯಿತು. ಕೆಮ್ಮು! ಹನುಮಂತಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು, ತಾನೇ ಕೆಮ್ಮು ತಡೆಯುವವಳಂತೆ ನಿಂತಳು. ಅತ್ತೆ ಕಣ್ಣು ಮುಚ್ಚಿ, ಎಳೆದಿದ್ದ ರಾಗವನ್ನು ಇನ್ನಷ್ಟು ಎಳೆದಳು, ಎಳೆದಳು. ಕೆಮ್ಮು ಅದರಡಿಯಲ್ಲಿ ಕರಗಿಹೋಯಿತು. ಮೂರನೆಯ ನುಡಿ ತಿಳಿಯಾಗಿ, ಗಟ್ಟಿಯಾಗಿ ಬಂತು.

ಮೇಷ್ಟ್ರು ಮುಳ್ಳೆತ್ತಿ ಕೈಯೆತ್ತಿದರು. ತಟ್ಟೆಯನ್ನು ಮತ್ತೆ ತಿರುಗಿಸಿ ಹಾಡು ಕೇಳಿಸಿದಾಗ ಬಾಗಿಲಾಚೆ ಒತ್ತಿಕೊಂಡು ನಿಂತಿದ್ದ ಬೀದಿಯೆಲ್ಲ ಉಸಿರು ಬಿಗಿಹಿಡಿಯಿತು. ಹಾಡು ಮುಗಿಯಿತು, ಕೂಗು, ನಗು, ಚಪ್ಪಾಳೆ.

"ಯಾರಮ್ಮಿ ಆ ಹೆಂಗ್ಸು? ಚೆಂದಾಗಿ ಹಾಡ್ತಾಳೆ," ಎಂದಳು ದೊಡ್ಡಲಕ್ಷ್ಮಮ್ಮ, ಈಗ ಮನಸಾರೆ ಕೆಮ್ಮುತ್ತ.

ಹನುಮಂತಮ್ಮ ಅಟ್ಟಣೆಯತ್ತ ಓಡಿ, ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪನ್ನು ಎಳೆಯ ಹುಳುಗಳ ಮೇಲೆ ಉದುರಿಸಿ ಬಗ್ಗಿ ನೋಡಿದಳು. ಸಾಸಿವೆಯಷ್ಟು ತಲೆಗಳು ಒಂದೊಂದಾಗಿ ಎದ್ದು ಎಲೆಯಂಚಿಗೆ ಹತ್ತಿದವು.

ಮುನವ್ವರಾ ತಟ್ಟೆಯ ನಡುವಿನ ಕರಿಯ ಸುರುಳಿಯಿಂದ ಕೊನೆಯನ್ನು ಹುಡುಕಿ, ಬೆಳಕಿಗೆ ಹಿಡಿದು, ಬೆರಳಿಗೆ ಸುತ್ತುತ್ತ ಹೋದಳು.

"ಒಂದು ಕಡೇನೂ ಕಿತ್ತೋಗಿಲ್ಲ, ಅಕ್ಕ."

ಹಾಡಿನ ಆ ಎಳೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಕಿಡಿ ತಾಕೀತೆಂದು ಒಲೆಗಳಿದ್ದ ಕಡೆ ಸುಳಿಯದೆ, ಹಿತ್ತಿಲು ಬಳಸಿ ಅವಳು ಮನೆಗೆ ನಡೆದಳು.