ಮಂದೆಗೆ ಮುಖಮಾಡಿ ಕೂತವಳು

ನನ್ನ ಅತ್ತಿಗೆ ಪ್ಲಾಸಿಡಾಳ ಮುಖಕ್ಕಿಂತ ಬೆನ್ನನ್ನು ಬಲ್ಲವರೇ ನಮ್ಮ ಕಣಿವೆಯಲ್ಲಿ ಹೆಚ್ಚು. ಮದುವೆಯ ಊಟವಿರಲಿ, ಊರಿನ ಸಭೆಯಿರಲಿ, ಪಾದ್ರಿಯ ಪ್ರಾರ್ಥನೆಯೇ ಇರಲಿ, ಅವಳು ಕೂರುವುದು ತನ್ನ ಅಲ್ಪಾಕಗಳು, ಆ ಉದ್ದ ಕತ್ತಿನ ಉಣ್ಣೆಯ ಪ್ರಾಣಿಗಳು, ಮೇಯುವ ಇಳಿಜಾರಿಗೆ ಮುಖಮಾಡಿ. ಉಳಿದ ಲೋಕಕ್ಕೆ ದಕ್ಕುವುದು ಎರಡು ಜಡೆ ಮತ್ತು ಟೋಪಿಯ ಹಿಂಭಾಗ. ಅವಳ ಮಗಳು ರುಫಿನಾಳ ಮದುವೆಯ ಫೋಟೋ ನಮ್ಮ ಗೋಡೆಯ ಮೇಲಿದೆ. ನಾವೆಲ್ಲ ಹಲ್ಲು ಕಿರಿದು ನಿಂತಿದ್ದೇವೆ. ನಡುವೆ ವಧುವಿನ ತಾಯಿಯ ಬೆನ್ನು. "ಅಮ್ಮಾ, ಸ್ವಲ್ಪ ಈ ಕಡೆ ನೋಡಿ" ಎಂದು ಫೋಟೋದವನು ಗೋಗರೆದಾಗ ಅವಳು ಕತ್ತನ್ನೂ ಹೊರಳಿಸದೆ, "ನೀನೇ ಆ ಕಡೆ ಹೋಗಿ ತೆಗಿಯಪ್ಪಾ, ನಾನೇನ್ ಬೇಡ ಅಂದ್ನಾ?" ಎಂದಿದ್ದಳು.

ನನ್ನ ಅಣ್ಣ ಸೆಬೆರೊ ಸೈನ್ಯದಿಂದ ತಂದ ಕೋಟು ಅವಳ ಗಿಡ್ಡ ದೇಹಕ್ಕೆ ಕಣಕಾಲಿನವರೆಗೆ ಬರುತ್ತಿತ್ತು. ಅದರ ಒಂದು ಜೇಬಿನಲ್ಲಿ ಚಳಿಗೆ, ದಣಿವಿಗೆ ಜಗಿಯುವ ಕೋಕಾ ಎಲೆ, ಇನ್ನೊಂದರಲ್ಲಿ ಮರಿಗಳ ಕಿವಿಗೆ ಕಟ್ಟುವ ಕೆಂಪು ಉಣ್ಣೆಯ ಎಳೆಗಳು. ಆ ಕೋಟಿನ ಭಾರಕ್ಕೆ ಕೊಂಚ ಪಕ್ಕಕ್ಕೆ ವಾಲುತ್ತ, ಸಣ್ಣ ಹೆಜ್ಜೆಗಳನ್ನಿಡುತ್ತ, ಸದಾ ಮಂದೆಯ ಹಿಂದೆಯೇ, ಎಂದೂ ಮುಂದಲ್ಲ, ನಡೆಯುವುದು ಅವಳ ರೀತಿ. ಅಲ್ಪಾಕಗಳು ಗಂಟಲಲ್ಲೇ "ಹ್ಞುಂ" ಎನ್ನುತ್ತವೆ; ಅವಳೂ "ಹ್ಞುಂ" ಎಂದು ಉತ್ತರಿಸಿ, ಕ್ರಮೇಣ ಮನುಷ್ಯರಿಗೂ ಅಷ್ಟೇ ಉತ್ತರ ಸಾಕೆಂದುಕೊಂಡಳು. "ಮದ್ವೆ ಆಗ್ತೀಯಾ ಅಂತ ಕೇಳ್ದಾಗ್ಲೂ ಹ್ಞುಂ ಅಂದ್ಲು," ಎಂದು ಅಣ್ಣ ಈಗಲೂ ಗೊಣಗುತ್ತಾನೆ, "ನಂಗೆ ಒಪ್ಪಿಗೆ ಕೊಟ್ಳೋ, ಪಕ್ಕದಲ್ಲಿದ್ದ ಮರಿಗೆ ಉತ್ತರ ಕೊಟ್ಳೋ, ಆ ದೇವರೇ ಬಲ್ಲ."

ಬಿಳಿಯ ಉಣ್ಣೆ ಯಾವ ಬಣ್ಣವನ್ನಾದರೂ ಹೀರುತ್ತದೆಂದು ವ್ಯಾಪಾರಿಗಳು ಬಿಳಿಯದನ್ನೇ ಕೇಳತೊಡಗಿದ ಮೇಲೆ ನಮ್ಮ ಕಣಿವೆಯವರು ಕರಿಯ, ಕಂದು, ಬೂದು ಪ್ರಾಣಿಗಳನ್ನೆಲ್ಲ ಮಾಂಸಕ್ಕೆ ಮಾರಿ, ಮಂದೆಗಳನ್ನು ಅಚ್ಚ ಬಿಳುಪು ಮಾಡಿಕೊಂಡರು. ಅತ್ತಿಗೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ, ಒಂದನ್ನೂ ಮಾರಲಿಲ್ಲ. ಕಿವಿಗೆ ಕುಚ್ಚು ಕಟ್ಟುವ ಹಬ್ಬದಂದು ಬೆಟ್ಟದೈವಕ್ಕೆ ಮೆಕ್ಕೆಜೋಳದ ಹೆಂಡ ಚಿಚಾ ಚೆಲ್ಲಿ, ಅದು ಕೊಟ್ಟ ಪ್ರತಿ ಬಣ್ಣವನ್ನೂ ಹೆಸರಿಸಿ ಒಪ್ಪಿಸುವುದು ನಮ್ಮ ಪದ್ಧತಿ. "ಎಲ್ಲಾ ಬಣ್ಣಾನೂ ಕೊಟ್ಟಿದ್ದು ಬೆಟ್ಟ," ಎನ್ನುವಳು. "ಕರೀದೆಲ್ಲಿ ಅಂತ ಕೇಳಿದ್ರೆ ಏನಂತ ಹೇಳ್ಲಿ? ತಿಂದ್ಬಿಟ್ವಿ ಅಂತ್ಲಾ?"

ಪಕ್ಕದ ಇಳಿಜಾರಿನ ಹಿಲಾರಿಯೊ, ಮಂದೆಯಲ್ಲಿ ಒಂದೇ ಒಂದು ಕಂದು ಕೂದಲಿಲ್ಲವೆಂದು ಎದೆಯುಬ್ಬಿಸಿ ನಡೆಯುತ್ತಿದ್ದವನು, ಅವಳನ್ನು ಕಂಡಾಗಲೆಲ್ಲ ಕೂಗುವನು: "ಏನ್ ಪ್ಲಾಸಿಡಾ, ಇವತ್ತೂ ಒಲೆಯೊಳಗಿಂದ ಎಳ್ಕೊಂಡ್ ಬಂದ್ಯಾ ನಿನ್ನ ಮಂದೇನಾ?" ಊರು ನಗುತ್ತಿತ್ತು. ಅವಳ ಬೆನ್ನು "ಹ್ಞುಂ" ಎನ್ನುತ್ತಿತ್ತು.

ಒಂದು ಆಗಸ್ಟಿನಲ್ಲಿ ರಾತ್ರಿಯಿಡೀ ಅಕಾಲಿಕ ಹಿಮ ಬಿತ್ತು. ಬೆಳಗ್ಗೆ ಹಿಲಾರಿಯೊ ಟೋಪಿಯಿಲ್ಲದೆ, ಹಿಮದ ಬೆಳಕಿಗೆ ಕೆಂಪೇರಿದ ಕಣ್ಣುಗಳಲ್ಲಿ ನೀರು ಸುರಿಸುತ್ತ ನಮ್ಮ ಬಾಗಿಲಿಗೆ ಬಂದ. "ಎಲ್ಲಾ ಅಲ್ಲೇ ಇವೆ ಪ್ಲಾಸಿಡಾ, ಆದ್ರೆ ಒಂದೂ ಕಾಣ್ತಿಲ್ಲ. ಎಲ್ಲಿ ಅಂತ ಅಗೀಲಿ?" ಬಿಳಿಯ ಪ್ರಾಣಿಗಳು ಬಿಳಿಯ ಹಿಮದಲ್ಲಿ ಕುಳಿತುಬಿಟ್ಟಿದ್ದವು, ಮೇಲೆ ಮತ್ತಷ್ಟು ಹಿಮ ಮುಚ್ಚಿತ್ತು, ಇನ್ನೊಂದು ರಾತ್ರಿ ಕಳೆದರೆ ಅವು ಏಳುವುದಿಲ್ಲ. ಅವನ ಮನೆಯ ಅನ್ನ, ಬಟ್ಟೆ, ಸಮಸ್ತವೂ ಆ ಹಿಮದಡಿಯಿತ್ತು. ಸೇಡಿನ ಮಾತಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಯಾರಿಗೆ ಸಿಕ್ಕೀತು? ಅವಳು ಅವನ ಅಂಗೈಗೆ ಒಂದು ಹಿಡಿ ಕೋಕಾ ಎಲೆ ಹಾಕಿದಳು.

ಆಮೇಲೆ ಅವಳು ಮಾಡಿದ್ದನ್ನು ಅಷ್ಟು ವರ್ಷಗಳಲ್ಲಿ ನಾನು ಕಂಡಿರಲಿಲ್ಲ. ಮುದಿ ಕರಿತಾಯಿಯೊಂದನ್ನೂ ಇನ್ನು ನಾಲ್ಕಾರು ಕರಿಯ, ಕಂದು ಅಲ್ಪಾಕಗಳನ್ನೂ ಹಗ್ಗದಲ್ಲಿ ಕಟ್ಟಿಕೊಂಡು, ಉಳಿದ ತನ್ನ ಮಂದೆಗೆ ಬೆನ್ನು ಹಾಕಿ ಹೊರಟಳು. "ಇವು ನಿನ್ನ ಜವಾಬ್ದಾರಿ ಕಣೇ," ಎಂದಳು ನನಗೆ. "ಮುಖ ಆಚೀಚೆ ತಿರುಗಿಸ್ಬೇಡ."

ನಮ್ಮ ದೊಡ್ಡಿಯ ಗೋಡೆಯಾಚೆಗೇ ಹಿಲಾರಿಯೊನ ಇಳಿಜಾರು. ಹಾಗಾಗಿ ಮಾತು ಮುರಿಯದೆಯೇ ಎಲ್ಲವನ್ನೂ ನೋಡಿದೆ. ಆ ಕಣ್ಣು ಕುಕ್ಕುವ ಬಿಳುಪಿನ ಮೇಲೆ ಕಪ್ಪು ಚುಕ್ಕೆಗಳ ಸಾಲೊಂದು ಹತ್ತಿತು, ನಡುವೆ ನಿಂತಿತು. ಕರಿತಾಯಿ "ಹ್ಞುಂ" ಎಂದಿತು. ಏನೂ ಆಗಲಿಲ್ಲ. ಮತ್ತೆ "ಹ್ಞುಂ" ಎಂದಿತು, ಜೊತೆಗೆ ಅತ್ತಿಗೆಯೂ. ಆಗ ಹಿಮದೊಳಗಿಂದ ಒಂದು ಕತ್ತು ಎದ್ದಿತು. ಆಚೆ ಇನ್ನೊಂದು. ಆಮೇಲೆ ಇಳಿಜಾರಿಗೆ ಇಳಿಜಾರೇ ಮೈಕೊಡವಿ ಎದ್ದು, ಕಣ್ಣಿಗೆ ಕಂಡ ಆ ಕಪ್ಪಿನ ಸುತ್ತ ನೆರೆಯಿತು. ಕೆಲವು ಏಳಲೇ ಇಲ್ಲ, ನಿಜ. ಎದ್ದವುಗಳ ಹಿಂದೆ ಅತ್ತಿಗೆ ಎಂದಿನಂತೆ ವಾಲುತ್ತ ಇಳಿದು ಬಂದಳು. ಅವಳ ಹಿಂದೆ ಹಿಲಾರಿಯೊ ಮಗುವಿನಂತೆ ಅಳುತ್ತಿದ್ದ. ನನ್ನ ಕಣ್ಣಲ್ಲೂ ನೀರು ಬಂತು, ಹೆಮ್ಮೆಗೆ.

ಹಿಮ ಕರಗಿದ ಮೇಲೆ ಅವನು ತಲೆ ತಗ್ಗಿಸಿ ಬಂದು ಕೇಳಿದ: "ನಿನ್ನ ಕರಿ ಗಂಡು ಅಲ್ಪಾಕಾನ ನಮ್ಮ ಮಂದೆಗೆ ಬಿಡ್ತೀಯಾ?"

"ಒಲೆಯೊಳಗಿಂದ ಬಂದಿದ್ದು ಮಾರಾಯ," ಎಂದಳು ಅತ್ತಿಗೆ, "ಮಸಿ ಹತ್ತತ್ತೆ ನೋಡು." ಹಗ್ಗವನ್ನು ಮಾತ್ರ ಆಗಲೇ ಅವನ ಕೈಗಿಟ್ಟಿದ್ದಳು.

ಅವನ ಮಂದೆಯಲ್ಲಿ ಹುಟ್ಟಿದ ಮೊದಲ ಕರಿಮರಿಗೆ ಕುಚ್ಚು ಕಟ್ಟುವ ಹಬ್ಬದಲ್ಲಿ ಹಿಲಾರಿಯೊ ಬೆಟ್ಟಕ್ಕೆ ಗಂಟಲು ಹರಿಯುವಂತೆ ಕೂಗಿ ಹೇಳಿದ, "ಕರೀದೂ ಇದೆ!" ಎಂದು. ಅದೇ ಫೋಟೋದವನು ಅಂದೂ ಬಂದಿದ್ದ. ಯಾರೂ ಹೇಳದೆಯೇ ಸುತ್ತು ಹಾಕಿ, ಮಂದೆಯ ನಡುವೆ ಹಿಕ್ಕೆ ತುಳಿಯುತ್ತ ಹೋಗಿ ನಿಂತ. ನಾವೆಲ್ಲ ಅತ್ತಿಗೆಯ ಆಚೀಚೆ ಅವಳಂತೆಯೇ ಇಳಿಜಾರಿನತ್ತ ತಿರುಗಿ ಕೂತೆವು. ಆ ಫೋಟೋದಲ್ಲಿ ಅವಳ ಮುಖವಿದೆ, ಅಗಲವಾದ, ಬಿಸಿಲಿಗೆ ಬಿರಿದ, ಸುಂದರವಾದ ಮುಖ. ಲೋಕ ಕೈಬಿಟ್ಟದ್ದನ್ನು ಕಾಯುತ್ತ ಕೂತವರು ಲೋಕಕ್ಕೆ ಕಾಣುವುದು ಹೀಗೆ ಬೆನ್ನಾಗಿಯೇ. ಅವರ ಮುಖ ನೋಡಬೇಕಾದರೆ ನಾವೇ ಎದ್ದು, ಸುತ್ತಿ ಹೋಗಿ, ಅವರು ಕಾಯುತ್ತಿರುವುದರ ಪಕ್ಕದಲ್ಲಿ ನಿಲ್ಲಬೇಕು.