ಎದುರುಗಾಳಿಯ ಅಳತೆ

ನಾನು ಗುಡ್ಡ ಹತ್ತಲೆಂದೇ ಹುಟ್ಟಿದ ಒಂದು ಬ್ಯಾಟರಿ ಸೈಕಲ್ಲು. ಕಾರ್ಖಾನೆಯೊಂದರ ಬಿಳಿ ಬೆಳಕಿನ ಕೆಳಗೆ ಯಾರೋ ನನಗೆ ಚಕ್ರ ಕೂಡಿಸಿದರು, ಇನ್ಯಾರೋ ದಪ್ಪ ಹಲ್ಲಿನ ಟೈರು ತೊಡಿಸಿದರು. ಕೊನೆಗೆ ಒಬ್ಬ ಹೆಣ್ಣುಮಗಳು ಒಡಲೊಳಗೆ ಬ್ಯಾಟರಿ ಇಟ್ಟು ಕೀಲಿ ತಿರುಗಿಸಿದಳು. ಹ್ಯಾಂಡಲ್ಲಿನ ಮೇಲೆ ಐದು ಹಸಿರು ದೀಪಗಳು ಒಟ್ಟಿಗೆ ಕಣ್ಣು ತೆರೆದವು. ನನ್ನ ಮೊದಲ ಉಸಿರು ಅದೇ ಇರಬೇಕು. ಪೆಟ್ಟಿಗೆಗೆ ಸೇರಿಸುವ ಮುನ್ನ ಕೊರಳಿಗೊಂದು ಚೀಟಿ ಕಟ್ಟಿದರು: ‘ಒಮ್ಮೆ ಚಾರ್ಜ್ ಮಾಡಿದರೆ ನೂರು ಕಿಲೋಮೀಟರ್.’ ಆ ಮಾತನ್ನು ನಾನು ಹೇಳಿರಲಿಲ್ಲ. ಆದರೂ ಬದುಕಿನುದ್ದಕ್ಕೂ ಅದಕ್ಕೆ ಉತ್ತರ ಕೊಡಬೇಕಾದದ್ದು ನಾನೇ.

ನನ್ನನ್ನು ಮೊದಲು ಕೊಂಡವನು ಹುಬ್ಬಳ್ಳಿಯ ಬಟ್ಟೆ ಅಂಗಡಿಯ ತರುಣ ಯಜಮಾನ, ಪ್ರಜ್ವಲ ಜವಳಿ. ಬಣ್ಣ ನೋಡಿದ, ಚೀಟಿ ಓದಿದ, ಆರಿಸಿದ. ಒಂದು ಭಾನುವಾರ ಗೆಳೆಯರೊಡನೆ ಕಪ್ಪತಗುಡ್ಡಕ್ಕೆ ಹೊರಟಾಗ ಮೋಟಾರಿನ ಬಲವನ್ನು ತುತ್ತತುದಿಗೆ ಏರಿಸಿ, ಪೆಡಲಿನ ಮೇಲೆ ಕಾಲುಗಳನ್ನು ಸುಮ್ಮನೆ ಇರಿಸಿಕೊಂಡ. ಅವನ ಭಾರ, ಏರಿನ ಭಾರ, ಅವಸರದ ಭಾರ ಮೂರನ್ನೂ ಹೊತ್ತು ನಾನು ಅರ್ಧ ದಾರಿಯಲ್ಲೇ ಕಣ್ಣು ಮುಚ್ಚಿದೆ. ಉಳ್ಳಾಗಡ್ಡಿ ಸಾಗಿಸುವ ಟೆಂಪೋದಲ್ಲಿ, ಮೂಟೆಗಳ ಮೇಲೆ ಮಲಗಿ ಊರಿಗೆ ಮರಳಿದೆ. ಇಳಿಸುವಾಗ ಅವನು ನನಗೆ ‘ಸುಳ್ಳುಬುರುಕ’ ಎಂದ. ಲೋಹಕ್ಕೆ ತುಕ್ಕು ಹಿಡಿಯುವ ಮೊದಲೇ ಅಂಥ ಮಾತು ಹಿಡಿಯುತ್ತದೆ.

ಹೀಗೆ ನಾನು ಗೌಸುಸಾಬರ ಹಳೇ ಸೈಕಲ್ ಅಂಗಡಿ ಸೇರಿದೆ. ಶಿರಹಟ್ಟಿಯ ದರ್ಜಿ ಗುರುಸಿದ್ದಪ್ಪ ಸಿಂಪಿಗೇರ ಮತ್ತು ಅವರ ಹೆಂಡತಿ ಶಿವಗಂಗವ್ವ ನನ್ನನ್ನು ಕಂಡದ್ದು ಅಲ್ಲಿಯೇ. ಹೊಲಿಗೆ ಯಂತ್ರ ತುಳಿದು ತುಳಿದು ಗುರುಸಿದ್ದಪ್ಪನ ಮೊಣಕಾಲು ಸವೆದಿದ್ದವು. ಅಂಗಿಯ ಜೇಬಿನಿಂದ ಅಳತೆಯ ಟೇಪು ಇಣುಕುತ್ತಿತ್ತು. ಅವರು ಚೀಟಿಯನ್ನು ಬಹಳ ಹೊತ್ತು ನೋಡಿದರು.

“ಈ ನೂರು ಯಾರ ಮೈ ಅಳತಿ? ಯಾರನ್ನ ಕೂಡ್ರಿಸಿ ಓಡಿಸಿದ್ರು?”

“ತೆಳ್ಳಗಿನ ಹುಡುಗನ್ನ ಕೂಡ್ರಿಸಿ ಸಪಾಟ ರಸ್ತಾದಾಗ ಓಡಿಸಿರ್ತಾರ್ರಿ,” ಎಂದರು ಗೌಸುಸಾಬ. “ನಾನಾದ್ರ ಐವತ್ತು ಅಂತೀನಿ. ನೀವು ಗುಡ್ಡಾ ಹತ್ತಿದ್ರ ಅದಕ್ಕೂ ಜವಾಬ್ದಾರಿ ಇಲ್ರೀ.”

ಆಮೇಲೆ ಗುರುಸಿದ್ದಪ್ಪ ಬ್ಯಾಟರಿಯ ವಯಸ್ಸು ಕೇಳಿದರು, ಹಿಂದಿನವನ ತೂಕ ಕೇಳಿದರು, ಬ್ರೇಕು ಹಿಡಿದು ಬಗ್ಗಿ ಕಿವಿಯಿಟ್ಟರು. ಶಿವಗಂಗವ್ವ ಸೆರಗಿನಿಂದ ಬೆವರು ಒರೆಸಿಕೊಂಡು ಅಂಗಡಿಯವರಿಗೆ ಹೇಳಿದಳು: “ನನ್ನ ನೋಡಾಕ ಬಂದಾಗ ತಲಿ ಎತ್ತಿ ಒಂದು ಮಾತು ಕೇಳಿದ್ದಿಲ್ರೀ ಇವರು. ಕೇಳೋ ಮಾತೆಲ್ಲಾ ಇದಕ್ಕಂತ ಉಳಿಸ್ಕೊಂಡಿದ್ರು ಕಾಣಸ್ತೈತಿ.”

ಅಷ್ಟು ಕೇಳಲು ಕಾರಣವಿತ್ತು. ಅದೇ ಕಪ್ಪತಗುಡ್ಡದ ಆಚೆ ಹಿರೇಬಾವಿಯಲ್ಲಿ ಗುರುಸಿದ್ದಪ್ಪನ ಅಕ್ಕ ಸಂಗವ್ವ ಇದ್ದಳು. ನಾಗರಪಂಚಮಿಗೆ ತವರಿನವರು ಬರಲಿಲ್ಲವೆಂಬ ಕೊರತೆ ಆಕೆಗೆ ಒಂದು ವರ್ಷವೂ ಆಗಿರಲಿಲ್ಲ. ಮೊದಮೊದಲು ಗುರುಸಿದ್ದಪ್ಪ ಆಕೆಯನ್ನು ತವರಿಗೆ ಕರೆದೊಯ್ಯಲು ಬರುತ್ತಿದ್ದರು. ವಯಸ್ಸಾಗಿ ಆಕೆ ಬರಲಾರದಂತಾದ ಮೇಲೆ ಹಬ್ಬದ ಸಿಹಿ ಉಂಡಿಯ ಡಬ್ಬಿಯನ್ನೂ ತಾವೇ ಹೊಲಿದ ಕುಪ್ಪಸವನ್ನೂ ಹೊತ್ತು ಗುಡ್ಡ ದಾಟಿ ಕೊಟ್ಟು ಬರುತ್ತಿದ್ದರು. ಕೊಡುವವನು ಬಸ್ಸಿನ ಹಂಗಿಲ್ಲದೆ ತಾನೇ ಬರಬೇಕು, ಸಂಜೆಯೊಳಗೆ ಮರಳಬೇಕು ಎಂಬುದು ಅವರ ಹಟ. ಈಗ ಕಾಲು ಒಲ್ಲೆ ಎನ್ನುತ್ತಿದ್ದವು. ಸೈಕಲ್ಲಿಗೆ ಶಿವಗಂಗವ್ವ ಒಪ್ಪಿದ್ದು ಒಂದೇ ಕರಾರಿನ ಮೇಲೆ: ಇದು ನಡುದಾರಿಯಲ್ಲಿ ನಿಂತಿತೋ, ಮುಂದಿನ ವರ್ಷದಿಂದ ಉಂಡಿ ಬಸ್ಸಿನವರ ಕೈಯಲ್ಲಿ ಹೋಗುತ್ತದೆ.

ಗುರುಸಿದ್ದಪ್ಪ ಸಿದ್ಧ ಉಡುಪನ್ನು ನಂಬದ ಮನುಷ್ಯ. ನನ್ನ ಅಳತೆಯನ್ನೂ ತಾವೇ ತೆಗೆದರು. ಚೈತ್ರದ ನಸುಕಿನಲ್ಲಿ, ಎಲೆ ಅಲುಗದ ಹೊತ್ತಿನಲ್ಲಿ, ಡಬ್ಬಿಯ ತೂಕಕ್ಕೆ ಜೋಳ ತುಂಬಿಕೊಂಡು ಗುಡ್ಡದ ನೆತ್ತಿಯವರೆಗೆ ಹತ್ತಿ ಇಳಿದರು. ಏರಿನಲ್ಲಿ ಮಾತ್ರ ಮೋಟಾರು, ಇಳಿಜಾರಿನಲ್ಲಿ ಅದಕ್ಕೆ ವಿಶ್ರಾಂತಿ. ಬಂದು, ಖರ್ಚಾದ ಬ್ಯಾಟರಿಯನ್ನು ಎರಡೂ ಬದಿಯ ಏರಿಗೆ ಲೆಕ್ಕ ಹಾಕಿ, ಹೆಂಡತಿಗೆ ಹೇಳಿದರು: ಹೋಗಿ ಬರಲು ಬಟ್ಟೆ ಸಾಕು, ಅಂಚು ಮಡಿಸಲೂ ತುಸು ಉಳಿಯುತ್ತದೆ. ಯಾರೋ ಮೊದಲ ಬಾರಿಗೆ ನನ್ನನ್ನು ನಾನಿದ್ದಷ್ಟೇ ಎಂದು ಒಪ್ಪಿಕೊಂಡಿದ್ದರು.

ಪಂಚಮಿ ಬಂತು. ಅದು ಶ್ರಾವಣ, ಪಡುವಣದ ಗಾಳಿ ಬೆನ್ನಿಗೆ ಕೈಯಿಟ್ಟು ನಮ್ಮನ್ನು ತಳ್ಳಿತು. ಸಾಲುಸಾಲು ಗಾಳಿಯಂತ್ರಗಳು ಉಬ್ಬಿದ ಉತ್ಸಾಹದಲ್ಲಿ ತಿರುಗುತ್ತಿದ್ದವು. ಹಿರೇಬಾವಿ ತಲುಪಿದಾಗ ಇನ್ನೂ ಮೂರು ದೀಪ ಉರಿಯುತ್ತಿದ್ದವು. ಎರಡರಲ್ಲಿ ಬಂದವರಿಗೆ ಮರಳಲು ಮೂರಿದ್ದರೆ ಧಾರಾಳವಾಯಿತೆಂದು ಗುರುಸಿದ್ದಪ್ಪ ನನ್ನ ಸೀಟು ತಟ್ಟಿದರು. ನಮ್ಮನ್ನು ತಳ್ಳಿದ್ದು ಯಾರೆಂದು ನನಗೆ ಗೊತ್ತಿತ್ತು. ಹೇಳಲು ನನಗೆ ಬಾಯಿ ಇರಲಿಲ್ಲ.

ಸಂಗವ್ವ ಹೊಸ ಕುಪ್ಪಸ ತೊಟ್ಟು ಹೊರಬಂದಳು. ಹೆಗಲಿನಲ್ಲಿ ಅದು ಜಾರುತ್ತಿತ್ತು, ತೋಳಿನಲ್ಲಿ ಗಾಳಿ ತುಂಬಿತ್ತು. ಗುರುಸಿದ್ದಪ್ಪ ಅದನ್ನು ಕಂಡರೂ ಕಾಣದವರಂತೆ ಹೊರಡಲು ಎದ್ದು ನಿಂತರು.

“ಬಂದ ಕೂಡ್ಲೇ ಹೊಂಟ್ಯಾ? ಸೈಕಲ್ಲಿಗಾದ್ರೂ ಒಂದೀಟು ಕರೆಂಟ್ ಹಚ್ಚೋ ತಮ್ಮಾ. ಅದಕ್ಕೂ ಹಸಿವಿ ಇರತೈತಿ.”

“ಪಂಚಮಿಗೆ ಕೊಡಾಕ ಬಂದಾಂವ ನಾ. ನಿನ್ನ ಮನಿ ಕರೆಂಟ್ ಇಸಕೊಂಡು ಹೋಗ್ಲೇನು?”

ಜಗಲಿಯ ಗೋಡೆಯಲ್ಲಿ, ನನ್ನಿಂದ ಒಂದು ಮೊಳ ದೂರದಲ್ಲಿ, ಸ್ವಿಚ್ಚುಬೋರ್ಡು ಸುಮ್ಮನೆ ಕುಳಿತಿತ್ತು.

ಊರು ದಾಟಿ ಏರು ಹಿಡಿದೊಡನೆ ಅದೇ ಗಾಳಿ ಎದೆಗೆ ಎದುರಾಯಿತು. ಬರುವಾಗ ಕೊಟ್ಟದ್ದನ್ನೆಲ್ಲ ಬಡ್ಡಿ ಸಮೇತ ಕೇಳತೊಡಗಿತು. ಗುರುಸಿದ್ದಪ್ಪನ ಧೋತರ ಹಾಯಿಯಂತೆ ಉಬ್ಬಿ ನಮ್ಮನ್ನು ಹಿಂದಕ್ಕೆಳೆಯಿತು. ಒಂದು ದೀಪ ಹೋಯಿತು, ನೆತ್ತಿ ಇನ್ನೂ ದೂರವಿರುವಾಗ ಎರಡನೆಯದು. ಕೊನೆಯದು ಕೆಂಪಾಗಿ ಮಿಟುಕಿ ಗಾಳಿಯಂತ್ರವೊಂದರ ಬುಡದಲ್ಲಿ ಆರಿತು. ಅವರು ಇಳಿದು ನನ್ನನ್ನು ತಳ್ಳಿದರು. ಸತ್ತ ಮೋಟಾರಿನ ತೂಕ ಎಷ್ಟೆಂಬುದು ಏರಿನಲ್ಲಿ ತಿಳಿಯುತ್ತದೆ. ಕೆಲವು ಮಾರು ಹೋಗುವಷ್ಟರಲ್ಲಿ ಮೊಣಕಾಲು ಮಡಿಸಿ ಕಲ್ಲಿನ ಮೇಲೆ ಕುಳಿತರು. ತಲೆಯ ಮೇಲೆ ಬೃಹತ್ ರೆಕ್ಕೆಗಳು ಅದೇ ಗಾಳಿಯಿಂದ ಎಲ್ಲೆಲ್ಲಿಯ ಊರುಗಳಿಗೋ ಬೆಳಕು ಕಡೆಯುತ್ತಿದ್ದವು. ಅದರ ಒಂದು ಹನಿಯೂ ನಮ್ಮದಲ್ಲ.

ಅವರು ನನ್ನನ್ನು ನೋಡಿದರು. ಆ ಹಳೆಯ ಬಯ್ಗುಳಕ್ಕಾಗಿ ಕಾದೆ.

“ನಿಂದೇನು ತಪ್ಪಿಲ್ಲ,” ಎಂದರು. “ಗಾಳೀನ ಬಿಟ್ಟು ಅಳತಿ ತಗದೆ.”

ಜೇಬಿನ ಟೇಪನ್ನು ಮುಟ್ಟಿಕೊಂಡರು. ಹೆಗಲಿನಲ್ಲಿ ಜಾರುವ ಕುಪ್ಪಸ ನೆನಪಾಗಿರಬೇಕು. ಆಮೇಲೆ ಎದ್ದು ನನ್ನ ಮೋರೆಯನ್ನು ಮೂಡಲಿಗೆ ತಿರುಗಿಸಿದರು. ಆ ಕಡೆ ಇಳಿಜಾರಿತ್ತು, ಬೆನ್ನಿಗೆ ಗಾಳಿಯಿತ್ತು. ಮೋಟಾರಿನ ಹಂಗಿಲ್ಲದೆ ಇಬ್ಬರೂ ಅಕ್ಕನ ಮನೆಯತ್ತ ಜಾರಿದೆವು.

ಸಂಗವ್ವ ಬಾಗಿಲಲ್ಲೇ ಇದ್ದಳು. ನಗಲಿಲ್ಲ.

“ಬಾ. ಅಷ್ಟು ವರ್ಷ ನೀ ನನ್ನ ಕರಿಯಾಕ ಬಂದಿ. ಇವತ್ತೊಂದಿನ ನಾ ಕರದೀನಿ ಅನಕೋ.”

ಅವರು ತಲೆ ತಗ್ಗಿಸಿ ನನ್ನ ವಯರನ್ನು ಜಗಲಿಯ ಸ್ವಿಚ್ಚುಬೋರ್ಡಿಗೆ ತಾವೇ ಸಿಕ್ಕಿಸಿದರು. ಆ ಮನೆಯ ಕರೆಂಟು ನನ್ನೊಳಗೆ ಹರಿಯಿತು. ಶಿವಗಂಗವ್ವ ಫೋನಿನಲ್ಲಿ ಮೊದಲು ಕೇಳಿದ್ದೇ, ಅದು ನಿಂತಿತೇ ಎಂದು.

“ಅದು ನಿಂತಿಲ್ಲ,” ಎಂದರು ಗುರುಸಿದ್ದಪ್ಪ. “ನಾ ನಿಂತೀನಿ. ಅಕ್ಕನ ಮನ್ಯಾಗ.”

ಹೊದಿಯಾಕ ಕೌದಿ ಕೇಳಿ ತಗೊಳ್ರಿ, ಅಲ್ಲಿ ಥಂಡಿ ಎಂದಳು ಶಿವಗಂಗವ್ವ. ಕರಾರಿನ ಮಾತು ಮತ್ತೆಂದೂ ಬರಲಿಲ್ಲ. ಆ ರಾತ್ರಿ ಗುರುಸಿದ್ದಪ್ಪ ಅಕ್ಕನನ್ನು ಎದುರಿಗೆ ನಿಲ್ಲಿಸಿ, ಹೆಗಲಿಗೂ ತೋಳಿಗೂ ಟೇಪು ಹಿಡಿದು, ಹೊಸದಾಗಿ ಅಳತೆ ತೆಗೆದರು. “ಇಷ್ಟು ಇಳದೀಯಲ್ಲ,” ಎಂದರು. “ವರ್ಷಕ್ಕೊಮ್ಮಿ ಉಂಡಿ ಕೊಟ್ಟು ಓಡತಿದ್ದಿ. ನೋಡಿದ್ದಿ ಯಾವಾಗ?” ಎಂದಳು ಆಕೆ.

ಆಮೇಲೆ ಪ್ರತಿ ಪಂಚಮಿಗೂ ಹೋದೆವು, ಪ್ರತಿ ಸಲವೂ ಉಳಿದೆವು. ನನ್ನ ಒಡಲು ವರ್ಷದಿಂದ ವರ್ಷಕ್ಕೆ ಕುಗ್ಗಿತು. ಕೊನೆಯ ಸಲ ಹಿರೇಬಾವಿಯ ಬಾಗಿಲಿಗೆ ಬರುವಾಗಲೇ ದೀಪಗಳೆಲ್ಲ ಆರಿದ್ದವು. ಮತ್ತೆ ಹಚ್ಚಿದರೂ ಹೊತ್ತಲಿಲ್ಲ. ಗುರುಸಿದ್ದಪ್ಪ ನನ್ನನ್ನು ಜಗಲಿಯಲ್ಲಿ ಒರಗಿಸಿ, ಇಲ್ಲೇ ಇರಲಿ ಎಂದು ಬಸ್ಸು ಹತ್ತಿದರು. ಈಗ ಪಂಚಮಿಗೆ ಅವರು ಬಸ್ಸಿನಲ್ಲೇ ಬರುತ್ತಾರೆ, ಬಂದರೆ ವಾರ ಉಳಿಯುತ್ತಾರೆ.

ನನ್ನ ಹ್ಯಾಂಡಲ್ಲಿನ ಮೇಲೆ ಸಂಗವ್ವನ ಕುಪ್ಪಸಗಳು ಒಣಗುತ್ತವೆ, ಪ್ರತಿಯೊಂದೂ ಹಿಂದಿನದಕ್ಕಿಂತ ತುಸು ಚಿಕ್ಕದು. ಸಂಜೆ ಪಡುವಣದ ಗಾಳಿ ಬಂದಾಗ ಮುಂದಿನ ಚಕ್ರ ಕೂದಲೆಳೆಯಷ್ಟು ತಿರುಗುತ್ತದೆ. ಕೊರಳಿನ ಚೀಟಿ ಎಂದೋ ಉದುರಿಹೋಗಿದೆ. ಎಷ್ಟು ದೂರ ಹೋಗುತ್ತೀ ಎಂದು ಈಗ ಯಾರೂ ಕೇಳುವುದಿಲ್ಲ. ಕೇಳಿದರೆ ನನ್ನಲ್ಲಿ ನಿಜವಾದ ಉತ್ತರವೊಂದಿದೆ: ಅಕ್ಕನ ಮನೆಯವರೆಗೆ.