ಹೊಲಿಗೆಯೊಳಗೆ ಉಳಿದ ಹೆಪ್ಪು

ನಾನು ಒಂದು ಚಮಚ ಹೆಪ್ಪು. ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ನಿನ್ನೆ ಎನ್ನಬಹುದು, ಯಾರಿಗೂ ನೆನಪಿಲ್ಲದ ಕಾಲದಲ್ಲಿ ಎಂದೂ ಹೇಳಬಹುದು. ದಿನವೂ ಸಂಜೆ ಬೆಚ್ಚಗಿನ ಹಾಲಿಗೆ ಬೀಳುತ್ತೇನೆ. ಬೆಳಗಾಗುವಷ್ಟರಲ್ಲಿ ಪಾತ್ರೆಯ ತುಂಬ ನಾನೇ ಆಗಿರುತ್ತೇನೆ. ಎಲ್ಲರೂ ಉಂಡೆದ್ದ ಮೇಲೆ ತಳದಲ್ಲಿ ಮತ್ತೆ ಒಂದು ಚಮಚ ಉಳಿಯುತ್ತೇನೆ. ಅಷ್ಟು ಉಳಿದರೆ ನನಗೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಒಂದೇ ಕಡೆ ಇರುವುದಿಲ್ಲ. ಯಾರಿಗಾದರೂ ಒಂದು ಬಟ್ಟಲು ಕೊಟ್ಟರೆ ಆ ಮನೆಗೆ ಹೋದದ್ದೂ ನಾನೇ, ಈ ಮನೆಯಲ್ಲಿ ಉಳಿದದ್ದೂ ನಾನೇ. ಆದ್ದರಿಂದ ಎರಡು ಊರಿನ ಸುದ್ದಿಯನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಅಚ್ಚರಿಪಡಬೇಡಿ.

ಬೆಟಗೇರಿಯ ದಾಕ್ಷಾಯಣಿಯ ಮನೆಗೆ ನಾನು ಬಂದದ್ದು ಪಕ್ಕದ ಮನೆಯ ಬೀಬಿಜಾನಳ ಕೈಯಿಂದ. ದಾಕ್ಷಾಯಣಿ ಆಗಷ್ಟೇ ಮದುವೆಯಾಗಿ ಬಂದಿದ್ದಳು. ಆ ಬೇಸಿಗೆಯಲ್ಲಿ ಮನೆಯ ಮೊಸರು ಲೋಳೆ ಲೋಳೆಯಾಗಿ ಕೆಟ್ಟುಹೋಗಿತ್ತು. ಬೀಬಿಜಾನ್ ಗೋಡೆಯ ಮೇಲಿಂದ ಸ್ಟೀಲ್ ಬಟ್ಟಲು ಚಾಚಿ, "ತಗೋ, ಚಲೋ ಹೆಪ್ಪ ಐತಿ. ಬಟ್ಟಲ ಖಾಲಿ ಕೊಡಬ್ಯಾಡ ಮತ್ತ, ಏನರ ಹಾಕಿ ಕೊಡು" ಎಂದು ನಕ್ಕಳು. ಹಾಗೆ ಗೋಡೆ ದಾಟಿ ಬಂದವನು ನಾನು ಆ ಮನೆಯವನೇ ಆಗಿಬಿಟ್ಟೆ.

ನನಗೆ ಜನರು ಕಾಣುವುದು ಕೆಳಗಿನಿಂದ. ಮುಚ್ಚಳ ತೆಗೆದಾಗ ಬಾಗಿದ ಮುಖಗಳು, ಇಳಿಬಿದ್ದ ತಾಳಿಸರ, ಸೌಟು ಹಿಡಿದ ಕೈ. ದಾಕ್ಷಾಯಣಿಯ ಗಂಡ ಶಿವಪುತ್ರ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ಕೈ ಬಂದರೆ ಎಷ್ಟು ತೊಳೆದರೂ ಹೋಗದ ಡೀಸೆಲ್ ವಾಸನೆ ಬರುತ್ತಿತ್ತು. ಮಗಳು ಸೃಷ್ಟಿಯದು ಮೊದಲು ಪುಟ್ಟ ಬೆರಳು, ಆಮೇಲೆ ಇಡೀ ಅಂಗೈ, ಹೈಸ್ಕೂಲಿಗೆ ಬಂದ ಮೇಲೆ ಪಾತ್ರೆಗೇ ನೇರ ಚಮಚ.

"ಎಂಜಲಾ ಮಾಡಬ್ಯಾಡಲೇ, ಹೆಪ್ಪ ಕೆಡತೈತಿ" ಎಂದು ಅವ್ವ ಗದರುವಳು.

"ಕೆಟ್ಟರ ಬೀಬಿಜಾನ್ ಚಾಚಿ ಅದಾಳಲ್ಲ" ಎಂದು ಮಗಳು ಇನ್ನೊಂದು ಚಮಚ ತೆಗೆಯುವಳು.

ಹತ್ತನೇ ತರಗತಿ ಮುಗಿದ ಮೇಲೆ ಸೃಷ್ಟಿಯನ್ನು ಧಾರವಾಡದ ಹಾಸ್ಟೆಲಿಗೆ ಸೇರಿಸಿದರು. ಒಂದು ವಾರವೂ ಕಳೆಯಲಿಲ್ಲ, ಇರಲಾರೆನೆಂದು ಅತ್ತಳು, ಶಿವಪುತ್ರ ಹೋಗಿ ಕರೆದುಕೊಂಡು ಬಂದ. ಯಾರೂ ಬೈಯಲಿಲ್ಲ. ಆದರೆ ಅಂದಿನಿಂದ ಹುಡುಗಿಯ ಬಾಯಲ್ಲಿ ಒಂದು ಮಾತು ಕೂತುಬಿಟ್ಟಿತು: "ನನ್ನ ಕಡೆಯಿಂದ ಆಗೂದಿಲ್ಲ ಬಿಡವ್ವ." ಹಾಡಿನ ಸ್ಪರ್ಧೆ ಇರಲಿ, ಸೈಕಲ್ ಕಲಿಯುವುದಿರಲಿ, ಅದೇ ಮಾತು. ದಾಕ್ಷಾಯಣಿ ಅದನ್ನು ಕೇಳಿದಾಗಲೆಲ್ಲ ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದಳು.

ಆಮೇಲೆ ಆ ರೋಗ ಬಂತು. ಗೋಡೆಯ ಮೇಲೆ ಬಟ್ಟಲು ಓಡಾಡುವುದು ನಿಂತಿತು. ದಾಕ್ಷಾಯಣಿ ಹೊಲಿಗೆ ಯಂತ್ರದ ಮುಂದೆ ಕೂತು ಹಳೆಯ ಸೀರೆ, ಪಂಚೆಗಳನ್ನೆಲ್ಲ ಮಾಸ್ಕ್ ಮಾಡಿದಳು. ಪರೀಕ್ಷೆ ಬರೆಯದೆಯೇ ಸೃಷ್ಟಿಯ ಪಿಯುಸಿ ಮುಗಿಯಿತು. ಕಟ್ಟಡಗಳ ವಿನ್ಯಾಸ ಕಲಿಯಬೇಕೆಂಬ ಆಸೆ ಅವಳಿಗೆ ಮೊದಲಿನಿಂದಲೂ ಇತ್ತು. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಆ ಕಾಲೇಜಿನವರು ಕೆಲವು ಮಕ್ಕಳನ್ನು ಆರಿಸಿ ಮೊದಲ ವರ್ಷವನ್ನು ಪೋಲೆಂಡ್ ದೇಶದಲ್ಲಿ ಓದಿಸುತ್ತಿದ್ದರು. ಆರಿಸಿದವರಲ್ಲಿ ಸೃಷ್ಟಿಯೂ ಇದ್ದಳು. ಈ ಸಲ ಅವಳೇ, "ಹೋಗತೇನಿ" ಎಂದಳು. ಹೇಳಿದ್ದು ಮೆಲ್ಲಗೆ. ಆದರೂ ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು.

ಹೊರಡುವ ವಾರ ಉಪ್ಪಿನಕಾಯಿ, ಶೇಂಗಾ ಚಟ್ನಿಪುಡಿ, ಒಣ ರೊಟ್ಟಿ ಎಲ್ಲ ಚೀಲದ ಸುತ್ತ ಸೇರಿದವು.

"ಅವ್ವಾ, ನಾ ಕಾಲೇಜಿಗೆ ಹೊಂಟೇನಿ. ಅಂಗಡಿ ಇಡಾಕಲ್ಲ" ಎಂದಳು ಸೃಷ್ಟಿ. ಅರ್ಧ ಹೊರಗೆ ತೆಗೆಸಿದಳು.

ಅದಕ್ಕೇ ದಾಕ್ಷಾಯಣಿ ನನ್ನ ವಿಷಯ ಬಾಯಿಬಿಡಲಿಲ್ಲ. ಮಾಸ್ಕಿಗೆ ತಂದಿದ್ದ ತೆಳು ಬಿಳಿ ಬಟ್ಟೆಯ ತುಂಡೊಂದನ್ನು ತೆಗೆದುಕೊಂಡಳು. ಅಂಚು ಹಾಗೇ ಬಿಡುವ ಹೆಂಗಸಲ್ಲ ಅವಳು, ನಾಲ್ಕೂ ಕಡೆ ಮಡಿಸಿ ಹೊಲಿದಳು. ಗಟ್ಟಿ ಮೊಸರಿನಲ್ಲಿ ಅದ್ದಿ, ತಟ್ಟೆಯ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಿದಳು. ನಾನು ಮೊದಲ ಸಲ ಒಣಗಿದೆ. ನೀರೆಲ್ಲ ಹೋಗಿ ಹಪ್ಪಳದಂತೆ ಗರಿಗರಿಯಾದೆ. ಒಳಗೆ ಜೀವ ಮಾತ್ರ ಮುದುರಿಕೊಂಡು ಮಲಗಿತ್ತು. ಮಾಸ್ಕುಗಳ ನಡುವೆ ನನ್ನನ್ನು ಸೇರಿಸಿಟ್ಟು, ಮಗಳು ಅಲ್ಲಿ ಮುಟ್ಟಿದ ಮೇಲೆ ಫೋನಿನಲ್ಲಿ ಹೇಳಿದರಾಯಿತು ಎಂದುಕೊಂಡಳು.

ಮುಟ್ಟಿದ ಮೇಲೆ ಬಂದ ಫೋನಿನಲ್ಲಿ ಮಗಳು ಬರೀ ಅತ್ತಳು. ಹೆಪ್ಪಿನ ಮಾತು ಆಡುವ ಹೊತ್ತು ಅದಲ್ಲ ಎಂದು ಅವ್ವ ಸುಮ್ಮನಾದಳು.

ಆ ಊರಿನಲ್ಲಿ ಹೊರಗಿನಿಂದ ಬಂದವರು ಹತ್ತು ದಿನ ಕೋಣೆ ಬಿಟ್ಟು ಬರುವಂತಿರಲಿಲ್ಲ. ಹಾಸ್ಟೆಲಿನ ಒಂದು ಕೋಣೆ, ಒಂದು ಮಂಚ, ನೀರು ಕಾಯಿಸುವ ಕೆಟಲ್. ದಿನಕ್ಕೊಮ್ಮೆ ಯಾರೋ ಬಾಗಿಲು ತಟ್ಟಿ ಬ್ರೆಡ್ಡು, ಹಾಲು, ಸೇಬು ಇಟ್ಟು ಹೋಗುವರು. ಬಾಗಿಲು ತೆರೆಯುವಷ್ಟರಲ್ಲಿ ಬರೀ ಹೆಜ್ಜೆ ಸಪ್ಪಳ. ಹಳೆಯ ಕಟ್ಟಡಗಳನ್ನು ನೋಡಲು ಬಂದವಳ ಕಿಟಕಿಗೆ ಕಾಣುತ್ತಿದ್ದದ್ದು ಎದುರಿನ ಗೋಡೆ ಒಂದೇ. ಪಾಠ ಕಂಪ್ಯೂಟರಿನಲ್ಲಿ. ಪಾಠ ಮಾಡುವ ಪ್ರೊಫೆಸರ್ ಅದೇ ಊರಿನಲ್ಲಿದ್ದರು, ನಡೆದು ಹೋಗುವಷ್ಟು ಹತ್ತಿರದಲ್ಲಿ. ಆದರೂ ಅವರು ಅಂಗೈಯಗಲದ ಚೌಕದೊಳಗಿನ ಮುಖವಷ್ಟೇ ಆಗಿದ್ದರು.

ಎರಡನೆಯ ದಿನ ಸೃಷ್ಟಿ ಮಾಸ್ಕ್ ಹುಡುಕುವಾಗ ನಾನು ಕೈಗೆ ಸಿಕ್ಕೆ. ಕನ್ನಡಕ ಒರೆಸುವ ಬಟ್ಟೆ ಎಂದುಕೊಂಡಳೋ ಏನೋ, ನನ್ನಿಂದ ಕಂಪ್ಯೂಟರಿನ ಪರದೆ ತಿಕ್ಕಿದಳು. ನನ್ನ ಪುಡಿ ಅಲ್ಲೆಲ್ಲ ಮೆತ್ತಿಕೊಂಡಿತು. ಆ ದಿನ ಪ್ರೊಫೆಸರು ಮಂಜಿನೊಳಗೆ ನಿಂತು ಪಾಠ ಮಾಡಿದರು. ಅವಳು ಮೂಗಿಗೆ ಹಿಡಿದು ನೋಡಿ, ಮುಖ ಕಿವಿಚಿ, ಸೋಪು ಹಚ್ಚಿ ನನ್ನನ್ನು ತೊಳೆದು ಹಿಂಡಿದಳು. ಅಂತಹ ಹೊಡೆತವನ್ನು ನಾನು ಹಿಂದೆಂದೂ ತಿಂದಿರಲಿಲ್ಲ. ಹೆಚ್ಚಿನ ಪಾಲು ನಾನು ಬಚ್ಚಲ ನೀರಿನ ಜೊತೆ ಹರಿದುಹೋದೆ. ಅಂಚಿನ ಮಡಿಕೆಯೊಳಗೆ, ದಾಕ್ಷಾಯಣಿ ಹಾಕಿದ ಒತ್ತು ಹೊಲಿಗೆಯ ಹಿಂದೆ, ಒಂದಿಷ್ಟು ಉಳಿದುಕೊಂಡೆ.

ಮರುದಿನ, ಇಲ್ಲಿ ದಾಕ್ಷಾಯಣಿ ಮಧ್ಯಾಹ್ನದ ರೊಟ್ಟಿ ತಟ್ಟುತ್ತಿದ್ದಾಗ, ಫೋನ್ ಬಂತು.

"ಅವ್ವಾ, ನಾ ವಾಪಸ್ ಬರ್ತೇನಿ. ಶನಿವಾರ ಒಂದು ವಿಮಾನ ಐತಂತ, ವಾಪಸ್ ಹೋಗವರನ್ನ ಹತ್ತು ದಿನದೊಳಗೂ ಬಿಡತಾರಂತ. ಕಂಪ್ಯೂಟರ್‌ನ್ಯಾಗ ಕಲಿಯೂದಾದ್ರ ನಮ್ಮ ಪಡಸಾಲ್ಯಾಗ ಕುಂತು ಕಲೀಬಹುದಿತ್ತು. ನನ್ನ ಕಡೆಯಿಂದ ಆಗೂದಿಲ್ಲ."

ಊಟಕ್ಕೆ ಬಂದಿದ್ದ ಶಿವಪುತ್ರ, "ಬಾರವಾ, ಬಂದುಬಿಡು" ಎಂದುಬಿಟ್ಟ. ಮಗಳ ಕಣ್ಣೀರು ಅವನು ನೋಡಲಾರ.

ದಾಕ್ಷಾಯಣಿಯ ಕೈ ಹಿಟ್ಟಿನ ಮೇಲೆ ನಿಂತಿತು. ಓದು ಎಲ್ಲಿ ಬೇಕಾದರೂ ಆದೀತು, ಅದು ಅವಳಿಗೆ ಗೊತ್ತಿತ್ತು. ಆದರೆ ಈ ಸಲವೂ ತಿರುಗಿ ಬಂದರೆ ಆ "ಆಗೂದಿಲ್ಲ" ಎಂಬ ಮಾತು ಮಗಳಿಗೆ ಜೀವನವಿಡೀ ಅಂಟಿಕೊಳ್ಳುತ್ತದೆ, ಅದೂ ಗೊತ್ತಿತ್ತು. ಇರು ಎಂದು ಒತ್ತಾಯ ಮಾಡಿದರೆ ನಾಳೆಯೇ ಹೊರಟು ನಿಲ್ಲುವ ಹುಡುಗಿ.

"ಬಾ. ನಾ ಬ್ಯಾಡ ಅನ್ನೂದಿಲ್ಲ" ಎಂದಳು. "ಶನಿವಾರ ಇನ್ನೂ ದೂರ ಐತಿ. ಮಾಸ್ಕಿನ ಜೋಡಿ ಒಂದು ಬಿಳಿ ಅರಿವಿ ಇತ್ತಲ್ಲ, ಎಲ್ಲೈತಿ ಅದು?"

"ಅದಾ? ತೊಳದು ಒಣಾಕೀನಿ. ಗಂಜಿ ಹಾಕಿದ್ಯೇನ ಅದಕ್ಕ? ಎಷ್ಟ್ ಬಿರುಸಿತ್ತು."

"ತೊಳದಿ?"

"ಸೋಪು ಹಚ್ಚಿ."

"ಅದು ಹೆಪ್ಪಲೇ, ಹುಚ್ಚಿ."

"ನಾ ಅದರಲೇ ಕಂಪ್ಯೂಟರ್ ಒರಸೀನಿ ಅವ್ವಾ" ಎಂದಳು ಸೃಷ್ಟಿ. ದಾಕ್ಷಾಯಣಿ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಆ ಕಡೆ ಮಗಳೂ ನಗತೊಡಗಿದಳು, ಮೂಗು ಒರೆಸಿಕೊಳ್ಳುತ್ತಲೇ.

"ಇರಲಿ, ಹಾಲಿಗೆ ಹಾಕಿ ನೋಡು" ಎಂದು ಅವ್ವ ಹೇಳಿಕೊಟ್ಟಳು. ಒಲೆಯಿಲ್ಲ, ಚಿಂತೆಯಿಲ್ಲ. ಕೆಟಲ್‌ನ ಬಿಸಿನೀರು ಒಂದು ಬಟ್ಟಲಿಗೆ ಸುರಿದು ಅದರೊಳಗೆ ಹಾಲಿನ ಲೋಟ ಇಡು. ಕಿರುಬೆರಳು ಅದ್ದು. ಬಿಸಿ ಅನ್ನಿಸಬೇಕು, ಸುಡಬಾರದು. "ನಾಳೆ ಮುಂಜಾನೆ ಏನಾಗೇತಿ ನೋಡಿ ನನಗ ಹೇಳು."

ಮರುದಿನ ಬೆಳಿಗ್ಗೆ ಹಾಲು ಹಾಲಾಗಿಯೇ ಇತ್ತು, ಸ್ವಲ್ಪ ಸೋಪಿನ ವಾಸನೆ ಬೇರೆ. "ಸತ್ತೈತಿ ಅವ್ವಾ" ಎಂದಳು ಸೃಷ್ಟಿ. ಸತ್ತಿರಲಿಲ್ಲ ನಾನು. ಆದರೆ ಹೇಳುವುದು ಹೇಗೆ?

"ಅಂಚಿನ ಹೊಲಿಗಿ ಬಿಚ್ಚು" ಎಂದಳು ದಾಕ್ಷಾಯಣಿ.

ಸೃಷ್ಟಿ ಕೂದಲ ಪಿನ್ನಿನ ಮೊನೆಯಿಂದ ಒಂದೊಂದೇ ಹೊಲಿಗೆ ಕಿತ್ತಳು. ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವಳು ಅಳಲಿಲ್ಲ. ಮಡಿಕೆ ಬಿಚ್ಚಿಕೊಂಡಾಗ ಬೆಳ್ಳನೆಯ ಗೆರೆಯಂತೆ ನಾನು ಕಂಡೆ. ಹೊಸ ಹಾಲು, ಮತ್ತೆ ಕಿರುಬೆರಳು. ಲೋಟಕ್ಕೆ ತನ್ನ ಸ್ವೆಟರ್ ಸುತ್ತಿ ಹೀಟರಿನ ಪಕ್ಕ ಇಟ್ಟಳು. ಸ್ವೆಟರಿನಲ್ಲಿ ನಮ್ಮ ಮನೆಯ ಕಪಾಟಿನ ವಾಸನೆ ಇತ್ತು.

ಇಲ್ಲಿ ಶಿವಪುತ್ರ ಕೇಳಿದ: "ಶನಿವಾರದ ಟಿಕೆಟ್ ಮಾತಾಡ್ಲೇನ?"

"ಮುಂಜಾನೆ ತನಕ ತಡೀರಿ."

"ಮೊಸರಿಗೂ ಟಿಕೆಟಿಗೂ ಏನ ಸಂಬಂಧಲೇ?"

ದಾಕ್ಷಾಯಣಿ ನೆಲ ಒರೆಸಲು ಹೋದಳು. ನನಗೆ ಅರ್ಥವಾಗಿತ್ತು. ಒಂದು ವರ್ಷ ಇರು ಎಂದು ಮಗಳನ್ನು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಒಂದು ಬೆಳಗಿನವರೆಗೆ ಇರು ಎಂದು ಕೇಳಬಹುದಿತ್ತು, ಆ ಬೆಳಗಾದ ಮೇಲೆ ಇನ್ನೊಂದು.

ಆ ಬೆಳಗಿಗೆ ನಾನು ಹಾಲೂ ಅಲ್ಲ, ಮೊಸರೂ ಅಲ್ಲ. ಲೋಟ ಓರೆ ಮಾಡಿದರೆ ಸೋರುತ್ತಿದ್ದೆ. "ಜೀವ ಐತಿ" ಎಂದಳು ಅವ್ವ, ಫೋನಿನಲ್ಲಿ ನನ್ನ ಮುಖ ನೋಡಿ. "ಅದರಾಗಿಂದ ಒಂದು ಚಮಚ ತಗೊಂಡು ಮತ್ತ ಹಾಕು."

ಶುಕ್ರವಾರ ನಾನು ಗಟ್ಟಿಯಾದೆ. ಸೃಷ್ಟಿ ಲೋಟವನ್ನು ಫೋನಿನ ಮುಂದೆ ಪೂರಾ ಓರೆ ಮಾಡಿದಳು. "ನೋಡವ್ವಾ, ಒಟ್ಟ ಅಲಗಾಡವಲ್ದು." ಅವಳ ಮುಖವನ್ನು ಕೆಳಗಿನಿಂದ ನೋಡಿದೆ. ಪರೀಕ್ಷೆ ಬರೆಯದೆ ಪಾಸಾದ ಹುಡುಗಿಗೆ ತಾನೇ ಮಾಡಿ ಗೆದ್ದದ್ದು ಒಂದು ಸಿಕ್ಕಂತಿತ್ತು. ಶೇಂಗಾ ಚಟ್ನಿಪುಡಿ ಕಲಸಿ, ಬ್ರೆಡ್ಡಿಗೆ ಹಚ್ಚಿಕೊಂಡು, ಬೆರಳು ಚೀಪುತ್ತ ತಿಂದಳು.

ಶಿವಪುತ್ರ ಫೋನ್ ಇಸಿದುಕೊಂಡ. "ಮತ್ತ, ನಾಳಿಗೆ ಟಿಕೆಟ್ ತಗಸ್ಲೇನವಾ?"

ಸೃಷ್ಟಿ ಹೀಟರಿನ ಕಡೆ ತಿರುಗಿ ನೋಡಿದಳು. ನಾನು ಎರಡೂ ಕಡೆ ಉಸಿರು ಹಿಡಿದಿದ್ದೆ.

"ಇವತ್ತ ಇನ್ನೊಂದು ಲೋಟ ಹಾಕೀನಿ ಪಪ್ಪಾ. ನಾ ಬಂದ್ರ ನಾಳೆ ಅದನ್ನ ಯಾರ ತಿನ್ನವರು?"

ಶನಿವಾರದ ವಿಮಾನ ಅವಳಿಲ್ಲದೆ ಹೋಯಿತು.

ಎದುರಿನ ಕೋಣೆಯಲ್ಲಿ ಟರ್ಕಿ ದೇಶದ ಹುಡುಗಿ ಎಲಿಫ್ ಹೀಗೇ ಬಾಗಿಲು ಹಾಕಿಕೊಂಡು ಕೂತಿದ್ದಳು. ತರಗತಿಯ ಚೌಕಗಳಲ್ಲಿ ಇಬ್ಬರಿಗೂ ಪರಿಚಯವಾಗಿತ್ತು. ಸೃಷ್ಟಿ ಒಂದು ಕಪ್ಪಿನಲ್ಲಿ ನನ್ನನ್ನು ಹಾಕಿ ಅವಳ ಬಾಗಿಲ ಮುಂದಿಟ್ಟು, ತಟ್ಟಿ, ಓಡಿ ಬಂದು ತನ್ನ ಬಾಗಿಲು ಹಾಕಿಕೊಂಡಳು. ಆಮೇಲೆ ಗೋಡೆಗಳಾಚೆಯಿಂದ ಒಂದು ನಗು ಕೇಳಿಸಿತು. ಅವರ ಮನೆಯಲ್ಲೂ ಅಜ್ಜಿ ಹೀಗೇ ಹಾಲಿಗೆ ಬೆರಳು ಅದ್ದಿ ನೋಡುತ್ತಾಳಂತೆ.

ಹತ್ತು ದಿನ ಮುಗಿದು ಬಾಗಿಲುಗಳು ತೆರೆದವು. ಸೃಷ್ಟಿ ಹೊರಗೆ ಹೋದಳು. ಮೊದಲು ಬೇಗ ಬರುತ್ತಿದ್ದಳು, ಆಮೇಲೆ ತಡವಾಗಿ. ಬೂಟಿಗೆ ಹಿಮ, ಬೆರಳಿಗೆ ಪೆನ್ಸಿಲಿನ ಮಸಿ, ಬಾಯಲ್ಲಿ ಕಮಾನು, ಗೋಪುರ, ಇಟ್ಟಿಗೆಯ ಮಾತು. ಒಂದು ಸಂಜೆ ನನ್ನನ್ನು ಹಾಲಿಗೆ ಹಾಕುವುದು ತಪ್ಪಿತು. ಮರುಸಂಜೆಯೂ ತಪ್ಪಿತು. ನಾನು ಲೋಟದಲ್ಲಿ ಕೂತು ಹುಳಿಯಾದೆ. ಹುಳಿಯೇ ನನ್ನ ಮುಪ್ಪು. ಕೊನೆಗೊಂದು ದಿನ ಅವಳು ಮೂಸಿ ನೋಡಿ, ನಾಲಿಗೆ ಕಚ್ಚಿಕೊಂಡು, ನನ್ನನ್ನು ಚೆಲ್ಲಿ ಲೋಟ ತೊಳೆದಿಟ್ಟಳು.

ಆ ವಾರ ದಾಕ್ಷಾಯಣಿ ಕೇಳಿದಳು: "ಹೆಪ್ಪ ಹೆಂಗೈತಿ?"

"ಬೈಯಬ್ಯಾಡವ್ವ. ಒಂದು ಹಳೇ ಚರ್ಚ್ ಅಳತಿ ಮಾಡಾಕ ಹೊಂಟೇವಿ, ದಿನಾ ಅದ ಆಗೇತಿ. ಮರತೇ ಬಿಟ್ಟೆ. ಹುಳಿ ಹತ್ತಿತ್ತು, ಚೆಲ್ಲಿದೆ."

"ಮತ್ತ ಕಳಸ್ಲೇನ?"

"ಬ್ಯಾಡ, ಬೇಕಾದ್ರ ಎಲಿಫ್ ಕಡೆ ಐತಿ. ಅವ್ವಾ, ಇಡತೇನಿ, ಎಲ್ಲಾರೂ ಕೆಳಗ ನಿಂತಾರ."

ಫೋನ್ ನಿಂತಿತು. ಶಿವಪುತ್ರ, "ಏನಂತ?" ಎಂದ.

"ಹೊತ್ತಿಲ್ಲಂತ ಆಕಿಗೆ" ಎಂದಳು ದಾಕ್ಷಾಯಣಿ. ಕಣ್ಣು ತುಂಬಿತ್ತು. ಆದರೆ ಅಂಥ ನಗುಮುಖವನ್ನು ನಾನು ಆ ಮನೆಯಲ್ಲಿ ಎಷ್ಟೋ ವರ್ಷ ಕಂಡಿರಲಿಲ್ಲ.

ಎಷ್ಟೋ ಮನೆಗಳಲ್ಲಿ ನಾನು ಚೆಲ್ಲಿಹೋಗಿದ್ದೇನೆ. ಆಗೆಲ್ಲ ಸಂಕಟವಾಗಿತ್ತು. ಈ ಸಲ ಆಗಲಿಲ್ಲ. ಹಾಸ್ಟೆಲಿನ ಫ್ರಿಜ್ಜಿನಲ್ಲಿ, ಎಲಿಫಳ ಕಪ್ಪಿನೊಳಗೆ, ಯಾರದೋ ಜಾಮ್ ಬಾಟಲಿಯ ಹಿಂದೆ, ಒಂದು ಮೂಲೆಯಲ್ಲಿ ತಣ್ಣಗೆ ಕೂತಿದ್ದೇನೆ. ಇಲ್ಲಿ ದಾಕ್ಷಾಯಣಿ ಕಾಯಿಸಿದ ಹಾಲನ್ನು ಆರಲು ಇಟ್ಟು, ಕಿರುಬೆರಳು ಅದ್ದಿ ನೋಡಿ, ನನ್ನನ್ನು ಚಮಚದಿಂದ ಮೆಲ್ಲಗೆ ಕೆಳಗೆ ಬಿಟ್ಟಳು. ಹಾಲು ಹಿತವಾಗಿತ್ತು. ಅಲ್ಲಿ ನನ್ನನ್ನು ಚೆಲ್ಲಿದ ಮಗು ಆ ಹೊತ್ತಿಗೆ ಅಳತೆಪಟ್ಟಿ ಹಿಡಿದು ಯಾವುದೋ ಗೋಪುರದ ಮೆಟ್ಟಿಲು ಹತ್ತುತ್ತಿದ್ದಿರಬೇಕು.